ಸೊಪ್ಪು, ಉಪ್ಪು ಮತ್ತು ಹೆಡ್‌ಫೋನು

ಉಪ್ಪಿನ ಪ್ರಸಂಗದಿಂದಲೇ ಆರಂಭಿಸುವುದು ಲೇಸು. ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿ ಹೊರಟಾಗ ಅಡಿಗೆಮನೆಯಿಂದ ನನ್ನಾಕೆ, "ರೀ, ಬರುವಾಗ ಸೊಪ್ಪು ತನ್ನಿ, ಮರೆಯಬೇಡಿ" ಎಂದು ಕೂಗಿದಳು. ನಾನು ಮರೆಯಲಿಲ್ಲ. ಒಂದು ಕಿಲೋ ಉಪ್ಪು ತಂದುಕೊಟ್ಟೆ. ಅವಳು ಏನೂ ಹೇಳದೆ ಅದನ್ನು ಒಯ್ದು, ಆ ತಿಂಗಳಲ್ಲಿ ನಾನು ಹಾಗೆಯೇ ತಂದಿದ್ದ ಇನ್ನೆರಡು ಪೊಟ್ಟಣಗಳ ಪಕ್ಕದಲ್ಲಿ ಇಟ್ಟಳು. ನಾನು ಸುಮ್ಮನಿರಬಾರದೆ? "ನೀನು ಬಾಯೊಳಗೇ ಮಾತಾಡಿಕೊಂಡರೆ ನನಗೆ ಹೇಗೆ ಗೊತ್ತಾಗಬೇಕು? ಬಾಯಿ ಬಿಟ್ಟು ಹೇಳುವುದನ್ನು ಕಲಿ" ಎಂದುಬಿಟ್ಟೆ. ಅಂದು ಸಾರಿಗೆ ಸೊಪ್ಪೂ ಇರಲಿಲ್ಲ, ಮನೆಯಲ್ಲಿ ಮಾತೂ ಇರಲಿಲ್ಲ.

ಅದೇ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೊಂದು ಚಿಂತೆ ತುಂಬಿಕೊಂಡಿತ್ತು. ಲ್ಯಾಪ್‌ಟಾಪಿನಿಂದ ಹಾಡು ಕೇಳಲು ಒಳ್ಳೆಯ ಹೆಡ್‌ಫೋನು ಯಾವುದು, ಅದಕ್ಕೊಂದು ಆಂಪ್ಲಿಫೈಯರ್ ಬೇಕೋ ಬೇಡವೋ ಎಂಬ ಚಿಂತೆ. ಉಪ್ಪಿಗೂ ಈ ಹೆಡ್‌ಫೋನಿಗೂ ಸಂಬಂಧವಿದೆಯೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಮ್ಮದು ಶಂಕಗಿರಿ. ಸೇಲಂನಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಬಲ್ಲವರಿಗೆ ಎರಡು ಗುರುತು: ಬೆಟ್ಟದ ಮೇಲಿನ ಕೋಟೆ ಮತ್ತು ಬೆಟ್ಟದ ಕೆಳಗಿನ ಲಾರಿಗಳು. ಸೇಲಂ ಸೀಮೆಯಲ್ಲಿ ಕನ್ನಡ ಮನೆಮಾತಿನ ನೇಕಾರ ಮನೆತನಗಳು ಬಹಳ. ವ್ಯಾಪಾರ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ. ನಮ್ಮ ತಂದೆಯವರು ಕೈಮಗ್ಗ ಬಿಟ್ಟು ನಾಲ್ಕು ಪವರ್‌ಲೂಮು ಹಾಕಿಸಿದಾಗ ನನಗೆ ಏಳೆಂಟು ವರ್ಷ. ಮಗ್ಗದ ಮನೆಗೂ ನಾವು ಮಲಗುವ ಮನೆಗೂ ನಡುವೆ ಒಂದೇ ಗೋಡೆ. ಮಗ್ಗ ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ಆಮೇಲೆ ಲೆಕ್ಕಪತ್ರ ಕಲಿತು ಲಾರಿ ವರ್ಕ್‌ಷಾಪೊಂದರಲ್ಲಿ ಗುಮಾಸ್ತನಾಗಿ ಸೇರಿ ಮೂವತ್ತೆರಡು ವರ್ಷ ದುಡಿದೆ. ನನ್ನ ಮೇಜಿನಿಂದ ಹತ್ತು ಮಾರು ದೂರದಲ್ಲಿ ತಗಡಿಗೆ ಸುತ್ತಿಗೆ ಬೀಳುತ್ತಿತ್ತು. ಹೊಸ ಹಾರನ್ನು ಕಟ್ಟಿದ ಎಲೆಕ್ಟ್ರಿಷಿಯನ್ನು ಅದು ಸರಿಯಾಗಿದೆಯೇ ಎಂದು ನೋಡುತ್ತಿದ್ದುದು ನನ್ನ ಕಿಟಕಿಯ ಹೊರಗೇ.

ಇಂಥ ಗದ್ದಲದ ನಡುವೆ ಹಾಡಿನ ಹುಚ್ಚು ಹೇಗೆ ಬಂತೆಂದರೆ, ಅದಕ್ಕೆ ರೇಡಿಯೋ ಕಾರಣ. ಮಗ್ಗ ನಿಲ್ಲಿಸಿದ ಮೇಲೆ ರಾತ್ರಿ ತಂದೆಯವರು ಮುಳ್ಳು ತಿರುಗಿಸಿ ಬೆಂಗಳೂರು ಹಿಡಿಯುತ್ತಿದ್ದರು, 612 ಕಿಲೋಹರ್ಟ್ಸ್. ಮಧ್ಯಮ ತರಂಗಗಳು ಹಗಲಿಗಿಂತ ಇರುಳಲ್ಲಿ ದೂರ ಹೋಗುತ್ತವೆ, ಮೇಲಿನ ವಾಯುಮಂಡಲಕ್ಕೆ ಬಡಿದು ಹಿಂದಿರುಗುತ್ತವೆ. ಹವೆ ಒಲಿದ ರಾತ್ರಿ ಧಾರವಾಡವೂ ಸಿಕ್ಕುತ್ತಿತ್ತು. ಶಾಲೆಯಲ್ಲಿ ತಮಿಳು ಓದಿದ ನಾನು ಇಷ್ಟಾದರೂ ಕನ್ನಡ ಬರೆಯುವುದು ಆ ರೇಡಿಯೋದ ವಾರ್ತೆ, ನಾಟಕಗಳ ದೆಸೆಯಿಂದ. ಆಕಾಶವಾಣಿ ಎಂಬ ಹೆಸರೇ ಕನ್ನಡ ನಾಡಿನದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ನಾನು ಮೊದಲು ಕೇಳಿದ್ದು ಕರಕರ ಸದ್ದಿನ ನಡುವೆ. ರಾಗದ ಹೆಸರು ತಿಳಿಯುತ್ತಿರಲಿಲ್ಲ. ತಂಬೂರಿಯ ಝೇಂಕಾರ ಮಾತ್ರ ಮೈಯೊಳಗೆ ಇಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಮಗಳು ತನ್ನ ಹಳೆಯ ಲ್ಯಾಪ್‌ಟಾಪು ಕೊಟ್ಟಳು. ಆಕಾಶವಾಣಿಯ ಕೇಂದ್ರಗಳೂ, ಎಂದೋ ಕಳೆದುಹೋದವೆಂದುಕೊಂಡಿದ್ದ ಹಳೆಯ ಧ್ವನಿಮುದ್ರಣಗಳೂ ಅದರಲ್ಲಿ ಸಿಗುತ್ತವೆಂದು ತೋರಿಸಿ ಹೋದಳು. ನನ್ನ ಸಂತೋಷ ಕೇಳಬೇಕೆ! ಆದರೆ ಮನ್ಸೂರರ ಹಾಡು ಹಾಕಿದರೆ ತಂಬೂರಿ ಎಲ್ಲಿ? ಕಂಬಳಿ ಹೊದಿಸಿ ಮೀಟಿದಂತೆ ಗುಂಗುಂ ಅನ್ನುತ್ತದೆ, ಮಿನುಗುವುದಿಲ್ಲ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರು ಕೆಟ್ಟದ್ದೆಂದು ಮೊಬೈಲಿನ ಜೊತೆ ಬಂದಿದ್ದ ಇಯರ್‌ಫೋನು ಸಿಕ್ಕಿಸಿದೆ. ಅದೂ ಹಾಗೆಯೇ. ಧ್ವನಿ ಪೂರ್ತಿ ಏರಿಸಿದರೂ ತೃಪ್ತಿಯಿಲ್ಲ. ಒಳ್ಳೆಯ ಹೆಡ್‌ಫೋನು ಕೊಳ್ಳಲೇಬೇಕೆಂದು ನಿಶ್ಚಯಿಸಿದೆ.

ಸೇಲಂನ ಅಂಗಡಿಯವನು ನನ್ನ ಮಾತೆಲ್ಲ ಕೇಳಿ, ಹಿಂಭಾಗ ಜಾಲರಿಯಂತೆ ತೆರೆದಿರುವ ಒಂದು ದೊಡ್ಡ ಹೆಡ್‌ಫೋನನ್ನು ಕೊಟ್ಟ. 250 ಓಮ್, ಸಂಗೀತ ಬಲ್ಲವರು ಕೊಳ್ಳುವಂಥದ್ದು ಎಂದ. ಸಂಗೀತ ಬಲ್ಲವರು ಎಂದ ಮೇಲೆ ನಾನು ಬೆಲೆ ಚೌಕಾಸಿ ಮಾಡಲಿಲ್ಲ. ಮನೆಗೆ ತಂದು ಹಾಕಿದರೆ ಧ್ವನಿ ಮೊದಲಿಗಿಂತ ಸಣ್ಣದು! ಮರುವಾರ ಮತ್ತೆ ಸೇಲಂ ಬಸ್ಸು ಹತ್ತಿದೆ. "ಸಾರ್, ಇದಕ್ಕೆ ಲ್ಯಾಪ್‌ಟಾಪಿನ ಶಕ್ತಿ ಸಾಲದು, ಆಂಪ್ಲಿಫೈಯರ್ ಬೇಕು" ಎಂದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದನ್ನೂ ಕೊಂಡೆ.

ಈ ಓಮ್ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಳ್ಳುವವರು ಮುಗ್ಗರಿಸುವುದು ಇಲ್ಲಿಯೇ. ಹೆಡ್‌ಫೋನಿನೊಳಗೆ ತೆಳುವಾದ ಪೊರೆ, ಅದಕ್ಕಂಟಿದ ತಂತಿಯ ಸುರುಳಿ, ಹಿಂದೆ ಅಯಸ್ಕಾಂತ. ಸುರುಳಿ ವಿದ್ಯುತ್ತಿಗೆ ಒಡ್ಡುವ ಅಡ್ಡಿಯನ್ನು ಓಮ್‌ನಲ್ಲಿ ಅಳೆಯುತ್ತಾರೆ. 1991ರಲ್ಲಿ ಬಂದ ಸೋನಿ ಎಂಡಿಆರ್ 7506ಕ್ಕೆ 63 ಓಮ್, 1997ರ ಸೆನ್‌ಹೈಸರ್ ಎಚ್‌ಡಿ 600ಕ್ಕೆ 300 ಓಮ್. ಎರಡನ್ನೂ ಬಲ್ಲವರು ಮೆಚ್ಚಿದ್ದಾರೆ. ಅಂದರೆ ಓಮ್ ಹೆಚ್ಚಾದ ಮಾತ್ರಕ್ಕೆ ಉತ್ತಮ, ಕಡಿಮೆಯಾದ ಮಾತ್ರಕ್ಕೆ ಅಧಮ ಎಂದಿಲ್ಲ. ಓಮ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಹೆಚ್ಚು ವೋಲ್ಟೇಜು ಬೇಕು, ಅಷ್ಟೇ. ಅದರ ಜೊತೆಗೆ ನೋಡಬೇಕಾದ ಇನ್ನೊಂದು ಅಂಕಿಯಿದೆ: ಒಂದು ಮಿಲಿವ್ಯಾಟ್ ಶಕ್ತಿ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಅದು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ನನ್ನ ಪೆಟ್ಟಿಗೆಯ ಮೇಲೆ 96 ಎಂದಿತ್ತು. ಮೂವತ್ತೆರಡು ವರ್ಷ ಅಂಕಿಗಳ ನಡುವೆ ಬದುಕಿದವನು ಅದೊಂದನ್ನು ಓದಲಿಲ್ಲ.

ಆಂಪ್ಲಿಫೈಯರ್ ತಂದ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮನ್ಸೂರರನ್ನು ಹಾಕಿ ತಿರುಗಣೆಯನ್ನು ಮೆಲ್ಲಗೆ ಏರಿಸಿದೆ. ಏರಿಸಿದಷ್ಟೂ ತಂಬೂರಿ ಹತ್ತಿರ ಬರುತ್ತಿರುವಂತೆ ತೋರಿತು. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಮುಕ್ಕಾಲು ಭಾಗ ತಿರುಗಿಸಿ ಎರಡು ಗಂಟೆಗೂ ಮೀರಿ ಕೇಳಿದೆ. ಕಣ್ಣಲ್ಲಿ ನೀರು ಬಂತು. ಇದೀಗ ಸಿಕ್ಕಿತು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದರೆ ಕಿವಿಯಲ್ಲಿ ಗುಂಯ್ ಎಂದು ಒಂದೇ ಸಮನೆ ಸದ್ದು. ಮನೆಯಾಕೆಯ ತುಟಿ ಆಡುತ್ತಿತ್ತು, ಮಾತು ದೂರದಿಂದ ಬರುತ್ತಿತ್ತು. ಕಾಫಿಯ ಲೋಟ ಮೇಜಿನ ಮೇಲಿಟ್ಟರೆ ಸದ್ದಿಲ್ಲ. ಎರಡು ದಿನ ಹೀಗೆಯೇ ಇದ್ದು ಮೂರನೆಯ ದಿನ ಕಡಿಮೆಯಾಯಿತು. ಆ ಎರಡು ದಿನ ನಾನು ಪಟ್ಟ ಭಯವನ್ನು ಯಾರಿಗೂ ಹೇಳಲಿಲ್ಲ. ಸ್ವರವೇ ಹೋಗಿಬಿಟ್ಟರೆ ಇನ್ನುಳಿದ ಕಾಲದಲ್ಲಿ ಏನು ಮಾಡುವುದು ಎಂದು ದೇವರ ಮನೆಯಲ್ಲಿ ಕುಳಿತು ಗಂಟೆಯನ್ನು ಮತ್ತೆ ಮತ್ತೆ ಅಲ್ಲಾಡಿಸಿ ನೋಡುತ್ತಿದ್ದೆ. ಇವರಿಗೆ ಭಕ್ತಿ ಹೆಚ್ಚಿತೆಂದು ಆಕೆ ತಿಳಿದಳು.

ಅದೇ ವಾರಾಂತ್ಯ ಮಗಳು ಬಂದಳು. ಅವಳಿಗೆ ನಾನು ಹೇಳಿದ್ದು ಬೇರೆಯೇ ದೂರು: "ಇಷ್ಟೆಲ್ಲ ದುಡ್ಡು ಹಾಕಿದರೂ ಒಂದು ಗುಂಯ್ ಸದ್ದು ಬರುತ್ತದೆ ನೋಡಮ್ಮ." ಅವಳು ಹೆಡ್‌ಫೋನು ಹಾಕಿಕೊಂಡು ಕೇಳಿ, ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತಳು. ನಿಜವಾಗಿ ಅಲ್ಲೂ ಒಂದು ಸಣ್ಣ ಗುಂಯ್ ಇತ್ತು, ಚಾರ್ಜರು ಕಿತ್ತೊಡನೆ ಅದು ನಿಂತಿತು. ಎರಡು ಕಡ್ಡಿಯ ಪ್ಲಗ್ಗು, ಅರ್ತಿಂಗ್ ಇಲ್ಲ. ಅರ್ತಿಂಗ್ ಇರುವ ಮೂರು ಕಡ್ಡಿಯ ಚಾರ್ಜರು ಹಾಕಬೇಕು, ಇಲ್ಲವೇ ಬ್ಯಾಟರಿಯಲ್ಲೇ ಕೇಳಬೇಕು ಎಂದಳು. ಆಂಪ್ಲಿಫೈಯರ್ ಕೊಳ್ಳುವ ಮುನ್ನ ಯಾರು ಬೇಕಾದರೂ ಕಾಸಿಲ್ಲದೆ ಮಾಡಬಹುದಾದ ಪರೀಕ್ಷೆ ಇದು. "ಇನ್ನೊಂದು ಗುಂಯ್ ಇದೆ, ಅದು ಚಾರ್ಜರು ತೆಗೆದರೂ ಹೋಗಲಿಲ್ಲ" ಎಂದು ಆಗ ಬಾಯಿಬಿಟ್ಟೆ.

ಅವಳ ಮುಖ ಸಣ್ಣದಾಯಿತು. ನಮ್ಮ ವರ್ಕ್‌ಷಾಪಿನ ಎಲೆಕ್ಟ್ರಿಷಿಯನ್ನನಿಂದ ಮಲ್ಟಿಮೀಟರು ತರಿಸಿದಳು. ಲ್ಯಾಪ್‌ಟಾಪಿನಲ್ಲಿ 60 ಹರ್ಟ್ಸಿನ ಒಂದೇ ಸಮನಾದ ಸ್ವರ ಹಾಕಿ, ಹೆಡ್‌ಫೋನಿಗೆ ಹೋಗುವ ವೋಲ್ಟೇಜನ್ನು ಎರಡು ಬಗೆಯಲ್ಲಿ ಅಳೆದಳು. ಲ್ಯಾಪ್‌ಟಾಪೊಂದರಿಂದಲೇ ಪೂರ್ತಿ ಧ್ವನಿಯಲ್ಲಿ 1 ವೋಲ್ಟು. ಆಂಪ್ಲಿಫೈಯರ್ ಜೊತೆಗೆ, ನಾನು ಆ ರಾತ್ರಿ ತಿರುಗಿಸಿದ್ದಷ್ಟು ತಿರುಗಿಸಿದಾಗ 4 ವೋಲ್ಟು. ಆಮೇಲೆ ಹಾಲಿನ ಲೆಕ್ಕ ಬರೆಯುವ ಚೀಟಿಯ ಹಿಂದೆ ಲೆಕ್ಕ ಹಾಕಿದಳು. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ಶಕ್ತಿ. ಒಂದನ್ನು 250ರಿಂದ ಭಾಗಿಸಿದರೆ 4 ಮಿಲಿವ್ಯಾಟ್. ಶಕ್ತಿ ಎರಡರಷ್ಟಾದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. ಒಂದಕ್ಕೆ 96 ಆದರೆ ನಾಲ್ಕಕ್ಕೆ 102. ಆಂಪ್ಲಿಫೈಯರಿನ 4 ವೋಲ್ಟಿಗೆ ಶಕ್ತಿ 64 ಮಿಲಿವ್ಯಾಟ್, ಸದ್ದು 114.

"ಅಪ್ಪಾ, ಇದು ಹಾಡಿನ ತೀರ ಜೋರಾದ ಕ್ಷಣದ ಲೆಕ್ಕ. ಇಂಥ ಹಾಡಿನ ಸರಾಸರಿ ಇದಕ್ಕಿಂತ ಸುಮಾರು 20 ಕಡಿಮೆ ಅಂತ ಇಟ್ಟುಕೊಳ್ಳಿ. ಆದರೂ ಲ್ಯಾಪ್‌ಟಾಪಿನಿಂದಲೇ 82 ಬರುತ್ತೆ. ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಮಾತಾಡೋದಕ್ಕಿಂತ ಜೋರು. ಅದು ನಿಮಗೆ ಸಾಲಲಿಲ್ಲವೆ?" ಎಂದು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. ಅವಳು ಮನ್ಸೂರರನ್ನು ಹಾಕಿ ಹೆಡ್‌ಫೋನು ತೊಟ್ಟು ಒಂದು ನಿಮಿಷ ಕೇಳಿದಳು, ಆಂಪ್ಲಿಫೈಯರಿಲ್ಲದೆ, ಧ್ವನಿ ಅರ್ಧಕ್ಕಿಟ್ಟು. "ತಂಬೂರಿ ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲಪ್ಪ" ಎಂದಳು. ಬಾಗಿಲಲ್ಲಿ ನಿಂತಿದ್ದ ಅವಳಮ್ಮ, ಇಷ್ಟು ಹೊತ್ತೂ ಸುಮ್ಮನಿದ್ದವಳು, "ಉಪ್ಪಿನ ಸಂಗತಿ ಹೇಳಿದರಾ?" ಎಂದಳು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಯೊಂದಿದೆ. ಸರಾಸರಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬೆಲ್‌ಗೆ ಆ ಕಾಲ ಅರ್ಧವಾಗುತ್ತ ಹೋಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10. ನಾನು ಕೇಳಿದ್ದು ಸರಾಸರಿ 94ರ ಆಸುಪಾಸು, ಅದಕ್ಕೆ ವಾರಕ್ಕೆ ಸಿಗುವ ಪಡಿ ಸುಮಾರು ಒಂದೂವರೆ ಗಂಟೆ. ಒಂದೇ ರಾತ್ರಿಯಲ್ಲಿ ವಾರದ ಪಡಿಯನ್ನು ತಿಂದು ಮೇಲೆ ಸಾಲವನ್ನೂ ಮಾಡಿದ್ದೆ. ಸಾಲ ಕೇಳಲು ಬಂದದ್ದೇ ಆ ಗುಂಯ್.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, 1965ರಲ್ಲಿ ಸ್ಥಾಪನೆಯಾದದ್ದು. ಕಿವಿ ಪರೀಕ್ಷೆ ಸೇಲಂನಲ್ಲೂ ಆಗುತ್ತದೆ. ಆದರೆ ಸ್ವರದ ಪರೀಕ್ಷೆಯ ಜೊತೆಗೆ ಮಾತಿನ ಪರೀಕ್ಷೆಯೂ ಇರುತ್ತದೆ, ಅದು ಮನೆಮಾತಿನಲ್ಲಾದರೆ ಒಳ್ಳೆಯದೆಂದು ಮಗಳ ಹಟ. ನನ್ನ ನಾದಿನಿಯ ಮನೆಯೂ ಮೈಸೂರಿನಲ್ಲೇ. ಸತ್ಯಮಂಗಲದಿಂದ ದಿಂಬಂ ಘಟ್ಟದ ತಿರುವುಗಳನ್ನು ಹತ್ತಿ ಚಾಮರಾಜನಗರ, ನಂಜನಗೂಡು ದಾಟಿ ಹೋದೆವು. ದಾರಿಯುದ್ದಕ್ಕೂ ಮನೆಯಾಕೆ ಕಿಟಕಿಯ ಪಕ್ಕ ಕುಳಿತು ಏನೇನೋ ಹೇಳುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಒಂದೂ ತಿಳಿಯದೆ ನಾನು ಎಲ್ಲಕ್ಕೂ ಹೂಂ ಎನ್ನುತ್ತಿದ್ದೆ. ಎಷ್ಟು ವರ್ಷದಿಂದ ಹೀಗೆ ಹೂಂಗುಟ್ಟುತ್ತಿದ್ದೇನೆ ಎಂದು ಅಂದು ಮೊದಲ ಬಾರಿ ಯೋಚಿಸಿದೆ.

ಸದ್ದು ಒಳಬಾರದ ಕೋಣೆಯಲ್ಲಿ ಕೂಡಿಸಿ ಕಿವಿಗೆ ಹೆಡ್‌ಫೋನು ತೊಡಿಸಿದರು. ನೋಡಿ ವಿಚಿತ್ರ, ನನಗೆ ನಿಜವಾಗಿ ಬೇಕಾಗಿದ್ದ ಹೆಡ್‌ಫೋನು ಇದೇ! ಸ್ವರ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಮೊದಲು ತಗ್ಗಿನ ಸ್ವರಗಳು, ಶಾಲೆಯ ಜಾಣ ಹುಡುಗನಂತೆ ಪಟಪಟ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಯಂತ್ರ ಕೆಟ್ಟಿದೆಯೇನೋ ಎಂದು ಗಾಜಿನಾಚೆ ನೋಡಿದೆ. ಗಾಜಿನಾಚೆ ಕುಳಿತ ಹುಡುಗಿಯ ಕೈ ಮಾತ್ರ ಆಡುತ್ತಲೇ ಇತ್ತು.

ಹೊರಬಂದ ಮೇಲೆ ನಕ್ಷೆ ತೋರಿಸಿದರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. 250, 500, 1000 ಹರ್ಟ್ಸಿನವರೆಗೆ ನನ್ನ ಗೆರೆ ಎಲ್ಲರಂತೆ. 2000 ದಾಟಿದೊಡನೆ ಇಳಿಯುತ್ತ 4000ದಲ್ಲಿ ಬಾವಿಗೆ ಬಿದ್ದಿತ್ತು, ಬಲಕ್ಕೆ 55, ಎಡಕ್ಕೆ 60. ಇಪ್ಪತ್ತೈದರ ಒಳಗಿರಬೇಕಾದದ್ದು. 8000ದಲ್ಲಿ ಮತ್ತೆ ಸ್ವಲ್ಪ ಮೇಲೆ. "ಯಾವುದಾದರೂ ಗದ್ದಲದ ಕೆಲಸದಲ್ಲಿದ್ದಿರಾ?" ಎಂದು ಆ ಹುಡುಗಿ ಕೇಳಿದಳು. ನಕ್ಷೆಯಲ್ಲಿ ಬಾವಿ ಬಿದ್ದ ಜಾಗ ನೋಡಿದರೆ ಅವರಿಗೆ ಗೊತ್ತಾಗುತ್ತದಂತೆ, ಸದ್ದಿನ ಪೆಟ್ಟು ಮೊದಲು ಬೀಳುವುದು 4000ದ ಆಸುಪಾಸಿನಲ್ಲೇ. ಮಗ್ಗ, ತಗಡು, ಹಾರನ್ನು ಎಂದು ಪಟ್ಟಿ ಒಪ್ಪಿಸಿದೆ. ಪವರ್‌ಲೂಮಿನ ಮನೆಯೊಳಗಿನ ಸದ್ದು ನೂರು ಡೆಸಿಬೆಲ್‌ನ ಸಮೀಪ. 1948ರ ಕಾರ್ಖಾನೆ ಕಾಯ್ದೆ ಸದ್ದಿನಿಂದಾಗುವ ಕಿವುಡನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಮನೆಯೊಳಗೆ ನಾಲ್ಕು ಮಗ್ಗ ಹಾಕಿಕೊಂಡವನ ಮಗನನ್ನು ಯಾವ ಕಾಯ್ದೆ ಬಂದು ನೋಡೀತು?

ಮಾತಿನ ಪರೀಕ್ಷೆಯಲ್ಲಿ ಇನ್ನೂ ಸ್ಪಷ್ಟವಾಯಿತು. ನಮ್ಮ ಸ್ವರಾಕ್ಷರಗಳು ತಗ್ಗಿನಲ್ಲಿರುತ್ತವೆ, ಅವುಗಳಿಗೇ ಬಲ ಹೆಚ್ಚು. ಸ, ಶ, ತ, ಚ ಮೊದಲಾದ ವ್ಯಂಜನಗಳ ಗುರುತು ಇರುವುದು ಎತ್ತರದಲ್ಲಿ. ಅಲ್ಲಿಯೇ ನನ್ನ ಬಾವಿ. ಆದ್ದರಿಂದ ಯಾರೋ ಮಾತಾಡುತ್ತಿದ್ದಾರೆ ಎಂಬುದು ಚೆನ್ನಾಗಿ ಕೇಳಿಸುತ್ತದೆ, ಏನು ಮಾತಾಡುತ್ತಿದ್ದಾರೆ ಎಂಬುದು ತಪ್ಪುತ್ತದೆ. ಕಾಸು, ಕಾಲು ಒಂದೇ. ಸೊಪ್ಪಿನ ಮೊದಲ ಸಕಾರ ಹಾರಿಹೋದರೆ ಉಳಿಯುವುದೇನು, ನೀವೇ ಹೇಳಿ ನೋಡಿ. ಆಕೆ ಬಾಯಿ ಬಿಟ್ಟೇ ಮಾತಾಡಿದ್ದಳು. ನಾನು ಬಾಯಿಗೆ ಬಂದದ್ದು ಆಡಿದ್ದೆ. ಅಲ್ಲಿಯೇ, ಆ ಹುಡುಗಿಯ ಎದುರೇ, ಆಕೆಯ ಮುಖ ನೋಡಿದೆ. ಆಕೆ ನಕ್ಷೆಯನ್ನು ನೋಡುತ್ತಿದ್ದಳು.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಶಂಖಗಿರಿಯವನಾಗಿಯೂ ನನಗೆ ಅದು ತಿಳಿದಿರಲಿಲ್ಲ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳು. ಎತ್ತರದ ಸ್ವರಗಳನ್ನು ಹಿಡಿಯುವವು ಬಾಗಿಲ ಹತ್ತಿರವೂ ತಗ್ಗಿನವು ಸುರುಳಿಯ ತುದಿಯಲ್ಲೂ ಇರುತ್ತವೆ. ಸತ್ತ ಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ತಂಬೂರಿಯ ವಿಚಾರವೂ ಇಲ್ಲಿಗೇ ಬಂತು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲೆಳೆಯನ್ನು ಜೀವಾಳಿ ಎನ್ನುತ್ತಾರೆ. ತಂತಿಯಿಂದ ಮೂಲಸ್ವರದ ಮೇಲೆ ಮೇಲಿನ ಅನುಸ್ವನಗಳನ್ನು ಹೊಮ್ಮಿಸಿ ಝೇಂಕಾರ ಬರಿಸುವುದು ಅದೇ. ಆ ಅನುಸ್ವನಗಳು ಸಾವಿರಾರು ಹರ್ಟ್ಸಿನವರೆಗೆ ಏರುತ್ತವೆ. ಮೂಲಸ್ವರ ನನಗೆ ಕೇಳುತ್ತಿತ್ತು, ಜೀವಾಳಿ ಕೇಳುತ್ತಿರಲಿಲ್ಲ. ಕಂಬಳಿ ಹೊದಿಸಿದ್ದು ತಂಬೂರಿಗಲ್ಲ.

ಒಂದು ತಮಾಷೆಯೆಂದರೆ, ನಾನು ಹುಡುಗನಾಗಿದ್ದಾಗ ಕೇಳಿದ ಮಧ್ಯಮ ತರಂಗದ ರೇಡಿಯೋದಲ್ಲಿ ಎತ್ತರದ ಸ್ವರಗಳು ಬರುತ್ತಲೇ ಇರಲಿಲ್ಲ. ಅಂಥ ಕೇಂದ್ರಗಳು ಒಂದಕ್ಕೊಂದು 9 ಕಿಲೋಹರ್ಟ್ಸ್ ಅಂತರದಲ್ಲಿರುವುದರಿಂದ ಹಾಡಿನ ಸುಮಾರು 4500 ಹರ್ಟ್ಸಿನ ಮೇಲಿನ ಭಾಗ ಕತ್ತರಿಸಿ ಹೋಗುತ್ತದೆ. ಇಂದಿನ ಲ್ಯಾಪ್‌ಟಾಪು 20,000ದವರೆಗೂ ಕೊಡುತ್ತದೆ. ಅಂದು ಯಂತ್ರ ಬಡವಾಗಿತ್ತು, ಕಿವಿ ಶ್ರೀಮಂತವಾಗಿತ್ತು. ಯಂತ್ರ ಶ್ರೀಮಂತವಾಗುವ ಹೊತ್ತಿಗೆ ನಾನು ದಿವಾಳಿ.

ಹಾಗಾದರೆ ಹೆಡ್‌ಫೋನು, ಆಂಪ್ಲಿಫೈಯರು ಎರಡೂ ದಂಡವೆ? ಹಾಗಲ್ಲವೆಂದು ಆ ಹುಡುಗಿಯೇ ಹೇಳಿದಳು. ಆಂಪ್ಲಿಫೈಯರ್ ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಸುತ್ತದೆ. ನನಗೆ ಕೊರತೆಯಿರುವುದು ಒಂದು ಓಣಿಯಲ್ಲಿ ಮಾತ್ರ. ಅದಕ್ಕಾಗಿ ಊರಿಗೆಲ್ಲ ನೀರು ನುಗ್ಗಿಸಿದರೆ ಚೆನ್ನಾಗಿದ್ದ ಮನೆಗಳೂ ಬೀಳುತ್ತವೆ. ಲ್ಯಾಪ್‌ಟಾಪಿನಲ್ಲಿ ಈಕ್ವಲೈಜರ್ ಎಂಬ ವ್ಯವಸ್ಥೆಯಿದೆ, ದುಡ್ಡು ಕೊಡದೆ ಸಿಗುವಂಥವೂ ಇವೆ. ಅದರಲ್ಲಿ 3000ದಿಂದ 6000ದವರೆಗಿನ ಭಾಗವನ್ನು ಮಾತ್ರ ಕೊಂಚ ಏರಿಸಬಹುದು. ಆದರೆ ನಕ್ಷೆಯಲ್ಲಿ 35 ಕೊರತೆಯಿದೆಯೆಂದು 35 ಏರಿಸಕೂಡದು. ಅರ್ಧಕ್ಕಿಂತ ಹೆಚ್ಚು ಬೇಡ, ಉಳಿದಿರುವ ಕೋಶಗಳಿಗೂ ಅದೇ ಪೆಟ್ಟು ಎಂದಳು. ಮಗಳು ನನಗೆ 10 ಡೆಸಿಬೆಲ್‌ನಿಂದ ಆರಂಭಿಸಿ, ಒಟ್ಟು ಧ್ವನಿಯನ್ನು ಅಷ್ಟೇ ಇಳಿಸಿ ಕೊಟ್ಟಳು. ಹಾಗೆ ಇಳಿಸದಿದ್ದರೆ ಎತ್ತರದ ಸ್ವರಗಳು ಒಡೆದು ಕರಕರ ಎನ್ನುತ್ತವೆ.

ತೆರೆದ ಬೆನ್ನಿನ ಹೆಡ್‌ಫೋನನ್ನು ಮಗಳಿಗೇ ಕೊಟ್ಟೆ. ಅದು ಒಳ್ಳೆಯದೇ, ಆದರೆ ನಮ್ಮ ಊರಿಗಲ್ಲ. ಜಾಲರಿಯ ಮೂಲಕ ಹೆದ್ದಾರಿಯ ಲಾರಿಗಳೆಲ್ಲ ಒಳಗೆ ಬರುತ್ತವೆ, ಅವನ್ನು ಮುಳುಗಿಸಲು ನಾವು ಧ್ವನಿ ಏರಿಸುತ್ತೇವೆ. ಮುಚ್ಚಿದ ಬೆನ್ನಿನದಾದರೆ ಹೊರಗಿನ ಸದ್ದು ಅರೆಬರೆ ತಡೆಯುವುದರಿಂದ ಕಡಿಮೆ ಧ್ವನಿಯೇ ಸಾಕಾಗುತ್ತದೆ. ನನ್ನಂಥವನಿಗೆ ಇದೊಂದು ಗುಣ ಬೇರೆ ಹತ್ತು ಗುಣಗಳಿಗೆ ಸಮ. ಸೇಲಂನ ಬೇಸಿಗೆಯಲ್ಲಿ ಕಿವಿ ಬೆವರುತ್ತದೆ, ನಿಜ. ಅದಕ್ಕಾಗಿ ಕಿವಿದಿಂಬಿಗೆ ಮಖಮಲ್ಲಿನಂಥ ಬಟ್ಟೆ ಇರುವುದನ್ನು ಆರಿಸಿದೆ. ದಿಂಬಿನ ಮಾತು ಬಂದಾಗ ಸೇಲಂನ ಜೈನ ಗೆಳೆಯರೊಬ್ಬರು ಒಂದು ಪ್ರಶ್ನೆ ಕೇಳಿದ್ದರು, ನನಗೆ ಅದು ಹೊಳೆದೇ ಇರಲಿಲ್ಲ: ಅದು ಯಾವುದರ ಚರ್ಮ? ವಿಚಾರಿಸಿದರೆ, ದುಬಾರಿ ಹೆಡ್‌ಫೋನು ಕೆಲವಕ್ಕೆ ಕುರಿಯ ಚರ್ಮವನ್ನೇ ಹೊದಿಸುತ್ತಾರೆ. ಪ್ರೋಟೀನ್ ಲೆದರ್ ಎಂಬ ಹೆಸರಿನ ಕೃತಕ ಹೊದಿಕೆಗೆ ಮೊಟ್ಟೆಯ ಪೊರೆಯ ಪುಡಿ ಬೆರೆಸುವುದೂ ಉಂಟು. ನಿಮ್ಮ ಮನೆಗಳಲ್ಲಿ ಮಕ್ಕಳು ಕೊಳ್ಳಹೊರಟಾಗ ಬಟ್ಟೆಯ ದಿಂಬು ಕೇಳಿದರೆ ಆ ಸಂದೇಹವೇ ಇರದು.

ಹೊಸತು 80 ಓಮಿನದು. ಹೆಸರು ಹೇಳಿದರೆ ಜಾಹೀರಾತಾದೀತು. ಇದಕ್ಕೆ ಲ್ಯಾಪ್‌ಟಾಪಿನ ಶಕ್ತಿಯೇ ಧಾರಾಳ. ಆದರೂ ಆಂಪ್ಲಿಫೈಯರನ್ನು ಉಳಿಸಿಕೊಂಡಿದ್ದೇನೆ, ಶಕ್ತಿಗಾಗಿ ಅಲ್ಲ, ತಿರುಗಣೆಗಾಗಿ. ಲ್ಯಾಪ್‌ಟಾಪಿನಲ್ಲಿ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತಿರುಗಣೆಯಲ್ಲಿ ಕೂದಲೆಳೆಯಷ್ಟು ಏರಿಸಬಹುದು, ಕೂದಲೆಳೆಯಷ್ಟು ಇಳಿಸಬಹುದು. ಮಗಳು ಮತ್ತೊಮ್ಮೆ ಮಲ್ಟಿಮೀಟರು ಹಿಡಿದು, ಸರಾಸರಿ 75ರ ಆಸುಪಾಸಿಗೆ ಬರುವ ಜಾಗ ಗುರುತಿಸಿದಳು. ಗುರುತು ಹಾಕಲು ಪೆನ್ನು ಹಿಡಿಯಲಿಲ್ಲ. ಮನೆಯಾಕೆ ತನ್ನ ಸ್ಟಿಕ್ಕರ್ ಬೊಟ್ಟೊಂದನ್ನು ತಂದು ಅಲ್ಲಿ ಅಂಟಿಸಿದಳು. ಆ ಕೆಂಪು ಬೊಟ್ಟನ್ನು ದಾಟುವ ಧೈರ್ಯ ನನಗಿಲ್ಲ.

ಶ್ರವಣ ಸಾಧನದ ವಿಷಯ ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಹಾಡಿಗೆ ಈ ಏರ್ಪಾಡು ಸಾಕು, ಮಾತಿಗೆ ಸಾಲದು, ಸಾಧನ ಹಾಕಿಕೊಳ್ಳಿ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಆರು ತಿಂಗಳು ಮುಂದೂಡಿದೆ. ಕಣ್ಣಿಗೆ ಕನ್ನಡಕ ಹಾಕಿದವನನ್ನು ಯಾರೂ ಕುರುಡನೆನ್ನುವುದಿಲ್ಲ, ಕಿವಿಗೆ ಹಾಕಿದವನನ್ನು ಮಾತ್ರ ಕಿವುಡನೆನ್ನುತ್ತಾರೆ ಎಂಬ ಹಿಂಜರಿಕೆ. ಸಾವಿರಾರು ರೂಪಾಯಿಯ ದೊಡ್ಡ ಹೆಡ್‌ಫೋನನ್ನು ತಲೆಯ ಮೇಲೆ ಕಿರೀಟದಂತೆ ಹೊತ್ತು ಕೂರಲು ನಾಚದವನು, ಕಡಲೆಬೀಜದಷ್ಟು ಸಾಧನಕ್ಕೆ ನಾಚಿದೆ. ಕೊನೆಗೆ ಮತ್ತೊಮ್ಮೆ ದಿಂಬಂ ಘಟ್ಟ ಹತ್ತಿದೆ. ಮೊದಲ ವಾರ ಪಾತ್ರೆಯ ಸದ್ದು, ಚಪ್ಪಲಿಯ ಸದ್ದು, ಕಾಗದ ಮಡಿಸುವ ಸದ್ದು ಎಲ್ಲ ಕಿವಿಗೆ ಚುಚ್ಚಿದವು. ಈಗ ಒಗ್ಗಿದೆ. ಹೆಡ್‌ಫೋನು ಹಾಕುವಾಗ ಸಾಧನ ತೆಗೆದಿಡುತ್ತೇನೆ, ಒಂದರ ಮೇಲೊಂದಾದರೆ ಅದು ಸಿಳ್ಳೆ ಹೊಡೆಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. ನನ್ನ ತಮ್ಮನ ಮಗ ಈಗಲೂ ಮಗ್ಗ ನಡೆಸುತ್ತಾನೆ. ಮೊನ್ನೆ ಅಲ್ಲಿಗೆ ಹೋದಾಗ ನೋಡಿದೆ, ಮಗ್ಗದ ಮುಂದೆ ನಿಂತ ಇಬ್ಬರು ಹುಡುಗರ ಕಿವಿಯಲ್ಲೂ ಇಯರ್‌ಫೋನು. ಹೊರಗೆ ನೂರು ಡೆಸಿಬೆಲ್ ಮಗ್ಗ, ಅದನ್ನೂ ಮೀರಿ ಒಳಗೆ ಸಿನಿಮಾ ಹಾಡು. ಒಬ್ಬನ ಕಿವಿಯಿಂದ ತೆಗೆಸಿ ಕೈಯಲ್ಲಿ ಹಿಡಿದರೆ, ಅಷ್ಟು ಗದ್ದಲದಲ್ಲೂ ಅಂಗೈ ಅದುರುತ್ತಿತ್ತು. ಅವನಿಗೆ ಹದಿನೆಂಟು ವಯಸ್ಸು. ನನ್ನ ನಕ್ಷೆಯನ್ನು ತೋರಿಸಿದೆ. ಅವನಿಗೆ ಅದು ಏನೆಂದು ಅರ್ಥವಾಗಲಿಲ್ಲ, ದೊಡ್ಡವರೆಂಬ ಮರ್ಯಾದೆಗೆ ತಲೆಯಾಡಿಸಿದ. ಸದ್ದು ತಡೆಯುವ ಇಯರ್‌ಮಫ್ ಎರಡು ಜೊತೆ ತರಿಸಿ ಕೊಟ್ಟಿದ್ದೇನೆ. ಒಂದು ಜೊತೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆಯೆಂದು ಕೇಳಿದೆ. ಇನ್ನೊಂದನ್ನು ಅವನು ಹಾಕಿಕೊಳ್ಳುತ್ತಾನಂತೆ, ಅದರೊಳಗೆ ಇಯರ್‌ಫೋನು ಇದೆಯೋ ಇಲ್ಲವೋ, ನೋಡಿ ಬರಬೇಕು.

ನಿನ್ನೆ ಬೆಳಿಗ್ಗೆ ಅಡಿಗೆಮನೆಯಿಂದ ಕೂಗು ಬಂತು. ಸಕಾರ ಕಿವಿಯಲ್ಲಿ ಸೂಜಿಯಂತೆ ನಾಟಿತು, ಸೊಪ್ಪು ಎಂದು ಸಂದೇಹವೇ ಇಲ್ಲದೆ ಕೇಳಿಸಿತು. ಪೇಟೆಗೆ ಹೋದರೆ, ಹಿಂದಿನ ರಾತ್ರಿಯ ಮಳೆಗೆ ಯಾರೂ ಸೊಪ್ಪು ತಂದಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ. "ಕೇಳಿಸಲಿಲ್ಲವಾ?" ಎಂದಳು ಆಕೆ.